ಕರ್ತನ ಮೇಜಿನಲ್ಲಿ ಪಂಕ್ತಿಭೇದ: 1857ರ ಒಂದು ಗೊತ್ತುವಳಿಯ ಕಥೆ

1857ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್ ವಸಾಹತಿನ ಡಚ್ ರಿಫಾರ್ಮ್ಡ್ ಚರ್ಚಿನ (ಡಚ್ ಮೂಲದ ಪ್ರೊಟೆಸ್ಟಂಟ್ ಚರ್ಚಿನ) ಸಿನೊಡ್, ಅಂದರೆ ಅದರ ಆಡಳಿತ ಸಭೆ, ಒಂದು ಗೊತ್ತುವಳಿ ಪಾಸು ಮಾಡಿತು. ಅದರ ಸಾರ ಹೀಗಿದೆ. ಅನ್ಯಜನರಿಂದ (ಇಲ್ಲಿ ಬಿಳಿಯರಲ್ಲದವರಿಂದ) ಬಂದ ನಮ್ಮ ಸದಸ್ಯರನ್ನು ಸಾಧ್ಯವಿದ್ದ ಕಡೆಯೆಲ್ಲ ಈಗಿರುವ ಸಭೆಗಳಲ್ಲೇ ಸೇರಿಸಿಕೊಳ್ಳುವುದು ಒಳ್ಳೆಯದು, ಅದೇ ಸತ್ಯವೇದಕ್ಕೆ ತಕ್ಕದ್ದು. ಆದರೆ ಕೆಲವರ ಬಲಹೀನತೆಯಿಂದಾಗಿ ಇದು ಅನ್ಯಜನರ ನಡುವೆ ಕ್ರಿಸ್ತನ ಕೆಲಸ ಮುಂದುವರಿಯುವುದಕ್ಕೆ ಅಡ್ಡಿಯಾದರೆ, ಆ ಜನರಿಗಾಗಿ ಕಟ್ಟಿದ ಸಭೆಗಳು ತಮ್ಮ ಕ್ರೈಸ್ತ ಹಕ್ಕುಗಳನ್ನು ಬೇರೆ ಕಟ್ಟಡದಲ್ಲಿ ಅನುಭವಿಸಲಿ.

ಇದನ್ನು ನಿಧಾನವಾಗಿ ಇನ್ನೊಮ್ಮೆ ಓದಿ. ಮೊದಲ ಅರ್ಧದಲ್ಲಿ ಸತ್ಯವೇದ ಏನು ಹೇಳುತ್ತದೆ ಅನ್ನುವುದನ್ನು ಸಿನೊಡ್ ತಾನೇ ಒಪ್ಪಿಕೊಂಡಿದೆ. ಎರಡನೆಯ ಅರ್ಧದಲ್ಲಿ ಅದನ್ನು ಸದ್ಯಕ್ಕೆ ಪಕ್ಕಕ್ಕಿಡಲು ಅನುಮತಿ ಕೊಟ್ಟಿದೆ. ನಡುವೆ ಇರುವುದು ಒಂದು 'ಆದರೆ', ಮತ್ತು 'ಕೆಲವರ ಬಲಹೀನತೆ' ಎಂಬ ಮೆತ್ತಗಿನ ಮಾತು. ಸಿಟ್ಟು, ದ್ವೇಷ, ಬೈಗುಳ ಯಾವುದೂ ಇಲ್ಲ. ಕುರಿಗಳನ್ನು ಕಾಯುವವರ ಭಾಷೆಯಲ್ಲೇ ಬರೆದದ್ದು.

ಮುಂದಿನ ನೂರು ವರ್ಷಗಳಲ್ಲಿ ಇದೇ ಚರ್ಚು ವರ್ಣಭೇದ ನೀತಿಗೆ ದೇವರ ವಾಕ್ಯದ ಆಧಾರ ಕೊಡುವ ಮಟ್ಟಕ್ಕೆ ಬಂತು. ಹೀಗಾಗಿದ್ದು ಹೇಗೆ? ಸತ್ಯವೇದ ಓದದೆ ಇದ್ದದ್ದಕ್ಕಲ್ಲ. ಆ ಜನ ಬಹಳ ಓದುತ್ತಿದ್ದರು. ಬಲಹೀನರು ಯಾರು, ಅವರಿಗಾಗಿ ಬೆಲೆ ತೆರಬೇಕಾದವರು ಯಾರು ಎಂಬ ಒಂದೇ ಪ್ರಶ್ನೆಗೆ ಅವರು ತಲೆಕೆಳಗಾದ ಉತ್ತರ ಕೊಟ್ಟರು. ಈ ಪ್ರಕರಣವನ್ನು ಆ ಪ್ರಶ್ನೆಯ ಮೇಲೇ ಕಣ್ಣಿಟ್ಟು ನೋಡೋಣ.

ಮೇಜು ಮೊದಲು ಹೇಗಿತ್ತು

ಡಚ್ ಈಸ್ಟ್ ಇಂಡಿಯಾ ಕಂಪನಿ 1652ರಲ್ಲಿ ಕೇಪ್‌ನಲ್ಲಿ ನೆಲೆ ಊರಿದಾಗ ಅದರ ಜೊತೆಗೇ ರಿಫಾರ್ಮ್ಡ್ ಚರ್ಚೂ ಬಂತು. ಕಂಪನಿ ಗುಲಾಮರನ್ನೂ ತಂದಿತು. ಮಡಗಾಸ್ಕರ್, ಇಂಡೋನೇಷ್ಯಾದ ದ್ವೀಪಗಳು, ಬಂಗಾಳ, ಕೋರಮಂಡಲ, ಮಲಬಾರ್ ಹೀಗೆ ಎಲ್ಲೆಲ್ಲಿಂದಲೋ ಬಂದ ಜನ. ಇವರು, ಆ ನೆಲದ ಖೋಯ್ ಜನ ಮತ್ತು ಯುರೋಪಿಯನ್ನರು ಬೆರೆತ ಸಮುದಾಯವನ್ನೇ ಆಮೇಲೆ 'ಕಲರ್ಡ್' ಎಂದು ಕರೆದರು. ನಮ್ಮ ಕಥೆಯಲ್ಲಿ ಕರ್ತನ ಭೋಜನದ (ಕ್ರಿಸ್ತನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಯ) ಮೇಜಿನಿಂದ ಎದ್ದು ಹೋಗಬೇಕಾಗಿ ಬಂದವರು ಹೆಚ್ಚಾಗಿ ಇವರೇ. ಇವರಲ್ಲಿ ಭಾರತ ಮೂಲದವರ ಮೊಮ್ಮಕ್ಕಳೂ ಇದ್ದರು ಅನ್ನುವುದು ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ.

ಅವರ ನಡುವೆ ಸುವಾರ್ತೆ ಸಾರುವುದು ಮೊದಲಿನಿಂದಲೂ ಸುಲಭದ ಕೆಲಸವಾಗಿರಲಿಲ್ಲ. 1737ರಲ್ಲಿ ಗೇಯೋರ್ಗ್ ಶ್ಮಿಟ್ ಎಂಬ, ಮೊರೇವಿಯನ್ ಎಂಬ ಇನ್ನೊಂದು ಪ್ರೊಟೆಸ್ಟಂಟ್ ಪಂಗಡದ ಮಿಷನರಿ ಬಂದರು. ಮುಂದೆ ಗೆನಾಡೆಂಡಾಲ್ ಎಂದು ಹೆಸರಾದ ಕಣಿವೆಯಲ್ಲಿ ಖೋಯ್ ಜನರ ಜೊತೆ ಇದ್ದು, 1742ರಲ್ಲಿ ಕೆಲವರಿಗೆ ದೀಕ್ಷಾಸ್ನಾನ ಕೊಟ್ಟರು. ಕೇಪ್‌ನ ಸಭಾಪಾಲಕರು ಅವರ ಅಧಿಕಾರವನ್ನೇ ಪ್ರಶ್ನಿಸಿದರು. 1744ರಲ್ಲಿ ಶ್ಮಿಟ್ ಹೊರಟು ಹೋದರು.

ಹಾಗಿದ್ದರೂ ಕರ್ತನ ಭೋಜನದ ವಿಷಯದಲ್ಲಿ ಚರ್ಚಿನ ಅಧಿಕೃತ ನಿಲುವು ಸ್ಪಷ್ಟವಾಗಿತ್ತು. ಸೋಮರ್‌ಸೆಟ್ ಸಭೆಯಲ್ಲಿ ಬೆಂಟುರಾ ವಿಸ್ಸರ್ ಎಂಬ ಮಿಶ್ರ ಮೂಲದ ವ್ಯಕ್ತಿಯನ್ನು ಪೂರ್ಣ ಸದಸ್ಯನಾಗಿ ಸೇರಿಸಿಕೊಂಡಾಗ, ಅವನ ಜೊತೆ ಮೇಜಿಗೆ ಕೂರಲು ಕೆಲವರು ತಕರಾರು ಮಾಡಿದರು. ವಿಷಯ 1829ರ ಸಿನೊಡ್‌ವರೆಗೆ ಹೋಯಿತು. ಅಲ್ಲಿ ಬಂದ ಉತ್ತರ ಗಟ್ಟಿಯಾಗಿತ್ತು: ಬಣ್ಣ, ಮೂಲ ಎಂದು ನೋಡದೆ ಎಲ್ಲ ಸದಸ್ಯರಿಗೂ ಒಟ್ಟಿಗೇ ಭೋಜನ ಕೊಡಬೇಕು. ಇದು ಮತಕ್ಕೆ ಹಾಕುವ ವಿಷಯವೇ ಅಲ್ಲ, ದೇವರ ವಾಕ್ಯದ ಮೇಲೆ ನಿಂತ ಅಲುಗಾಡದ ತತ್ವ.

ಅಲುಗಾಡದ ತತ್ವ 28 ವರ್ಷಕ್ಕೆ ಅಲುಗಾಡಿತು. ನಡುವೆ ಆದದ್ದೇನು?

ಗುಲಾಮಗಿರಿ ಹೋಯಿತು. 1834ರಲ್ಲಿ ಕಾನೂನು ಜಾರಿಗೆ ಬಂತು, 1838ರಲ್ಲಿ ಬಿಡುಗಡೆ ಪೂರ್ತಿಯಾಯಿತು. ಅದೇ ಕಾಲಕ್ಕೆ ಡಚ್ ಮೂಲದ ಸಾವಿರಾರು ಬೋಯರ್ ರೈತರು ಬ್ರಿಟಿಷರ ಕೇಪ್ ಬಿಟ್ಟು ಎತ್ತಿನ ಗಾಡಿಗಳಲ್ಲಿ ಒಳನಾಡಿಗೆ ಹೊರಟರು. ಅವರಲ್ಲಿ ಒಬ್ಬರಾದ ಆನಾ ಸ್ಟೀನ್‌ಕಾಂಪ್ ತಾವು ಯಾಕೆ ಹೊರಟೆವು ಎಂದು ಬರೆದಿಟ್ಟಿದ್ದಾರೆ. ಗುಲಾಮರು ಬಿಡುಗಡೆಯಾದದ್ದಕ್ಕಿಂತ, ಅವರನ್ನು ಕ್ರೈಸ್ತರಿಗೆ ಸಮಾನವಾಗಿ ನಿಲ್ಲಿಸಿದ್ದೇ ತಮಗೆ ಸಹಿಸಲಾಗದ್ದು, ಅದು ದೇವರ ನಿಯಮಕ್ಕೆ ವಿರುದ್ಧ ಎಂಬುದು ಅವರ ಮಾತಿನ ಅರ್ಥ.

ಇಲ್ಲಿ ಒಂದು ಸೂಕ್ಷ್ಮ ಇದೆ ಅನ್ನಿಸುತ್ತದೆ. ಯಜಮಾನ, ಗುಲಾಮ ಎಂಬ ಅಂತರ ಕಾನೂನಿನಲ್ಲಿ ಗಟ್ಟಿಯಾಗಿ ಇದ್ದಷ್ಟು ಕಾಲ, ವರ್ಷಕ್ಕೆ ಕೆಲವು ಸಲ ಒಂದೇ ಮೇಜಿಗೆ ಕೂತರೆ ಅಂಥ ಅಪಾಯ ಕಾಣಲಿಲ್ಲ. ಮನೆಗೆ ಹೋದ ಮೇಲೆ ಯಾರು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಕಾನೂನಿನ ಅಂತರ ಹೋದ ಮೇಲೆ, ಮೇಜಿನ ಸಮಾನತೆ ನಿಜವಾದ ಸಮಾನತೆಯ ಹಾಗೆ ಕಾಣತೊಡಗಿತು. ಆಗ ಹೆದರಿಕೆ ಶುರುವಾಯಿತು.

1855ರಲ್ಲಿ ಸ್ಟಾಕನ್‌ಸ್ಟ್ರೋಮ್ ಸಭೆಯ ಬಿಳಿಯ ಸದಸ್ಯರು ತಮಗೆ ಭೋಜನವನ್ನು ಬೇರೆಯಾಗಿ ಕೊಡಿ ಎಂದು ಕೇಳಿಕೊಂಡರು. ರಿಫಾರ್ಮ್ಡ್ ಸಭೆಗಳಲ್ಲಿ ಜನ ನಿಜವಾಗಿಯೂ ಉದ್ದದ ಮೇಜಿನ ಸುತ್ತ ಕೂತು, ತಂಡ ತಂಡವಾಗಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ರೂಢಿ ಇತ್ತು. ಹಾಗಾಗಿ ಪಂಕ್ತಿ ಬೇರೆ ಮಾಡುವುದು ಕಷ್ಟವೇನಲ್ಲ. ಸ್ಥಳೀಯ ಹಿರಿಯರ ಮಂಡಲಿಯೂ ಈ ಪೂರ್ವಗ್ರಹಕ್ಕೆ, ಬಲಹೀನತೆಗೆ ಸ್ವಲ್ಪ ಸಡಿಲ ಕೊಡಿ ಎಂದೇ ಸಲಹೆ ಕೊಟ್ಟಿತು. ಗಮನಿಸಿ, ಪೂರ್ವಗ್ರಹ ಎಂದೇ ಕರೆದರು. ತಪ್ಪು ಎಂದು ಗೊತ್ತಿತ್ತು. ಎರಡು ವರ್ಷಕ್ಕೆ ಆ ಸಡಿಲವೇ ಸಿನೊಡ್‌ನ ಗೊತ್ತುವಳಿಯಾಯಿತು.

ಆ ಸಭೆಯಲ್ಲಿ ಕೂತವರ ಪರವಾಗಿ

ನ್ಯಾಯವಾಗಿ ಹೇಳಬೇಕಾದ ಒಂದೆರಡು ಮಾತಿದೆ. ಆ ಸಿನೊಡ್‌ನಲ್ಲಿ ಮಿಷನ್ ಕೆಲಸದ ಉತ್ಸಾಹ ಜಾಸ್ತಿಯಾಗಿತ್ತು. ಸುವಾರ್ತೆಗೆ ಅಡ್ಡಿಯಾಗಬಾರದು ಎನ್ನುವ ಮಾತು ಸುಮ್ನೆ ನೆಪಕ್ಕೆ ಹೇಳಿದ್ದಲ್ಲ. ಮೇಜಿನ ಜಗಳದಲ್ಲೇ ಕಾಲ ಕಳೆದರೆ ಹೊಸಬರನ್ನು ಸೇರಿಸಿಕೊಳ್ಳುವ ಸಭೆಗಳೇ ಇರುವುದಿಲ್ಲ ಎಂದು ಹಲವರು ಪ್ರಾಮಾಣಿಕವಾಗಿ ನಂಬಿದ್ದರು. ಇನ್ನು ಬೇರೆ ಕಟ್ಟಡ ಎಂದದ್ದು ಎಲ್ಲರ ಮೇಲೂ ಹೇರಿದ ನಿಯಮ ಅಲ್ಲ, ಬೇಕಾದ ಕಡೆ ಬಳಸಬಹುದಾದ ವಿನಾಯಿತಿ.

ಇನ್ನೊಂದು ವಿಷಯ ನನ್ನನ್ನು ಜಾಸ್ತಿ ಕಾಡುತ್ತದೆ. ಇದು ಒಣಗಿದ, ನಂಬಿಕೆ ಆರಿಹೋದ ಚರ್ಚು ಆಗಿರಲಿಲ್ಲ. 1860ರಲ್ಲಿ ವುಸ್ಟರ್ ಊರಿನಲ್ಲಿ ದೊಡ್ಡ ಉಜ್ಜೀವನ ನಡೆಯಿತು. ಅಲ್ಲಿಯ ಸಭಾಪಾಲಕರಾಗಿದ್ದ ಆಂಡ್ರ್ಯೂ ಮರ್ರೆ ಅವರ ಪ್ರಾರ್ಥನೆಯ ಕುರಿತ ಬರಹಗಳನ್ನು ಇವತ್ತಿಗೂ ಲೋಕದ ಎಷ್ಟೋ ವಿಶ್ವಾಸಿಗಳು ಓದುತ್ತಾರೆ. 1862ರಲ್ಲಿ ಅವರು ಇದೇ ಸಿನೊಡ್‌ನ ಮಾಡರೇಟರ್, ಅಂದರೆ ಅಧ್ಯಕ್ಷರು, ಆದರು. ಅಂದರೆ ಒಂದೇ ಚರ್ಚಿನಲ್ಲಿ, ಹೆಚ್ಚುಕಮ್ಮಿ ಒಂದೇ ಕಾಲದಲ್ಲಿ, ಜನ ಕಣ್ಣೀರಿಟ್ಟು ಪ್ರಾರ್ಥಿಸುತ್ತಿದ್ದರು ಮತ್ತು ಮೇಜು ಎರಡಾಗುತ್ತಿತ್ತು. ಉಜ್ಜೀವನ ಬಂದರೆ ಎಲ್ಲ ತಾನಾಗಿಯೇ ಸರಿಹೋಗುತ್ತದೆ ಎನ್ನುವವರು ಈ ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ಬಲಹೀನರು ಯಾರು?

'ಬಲಹೀನತೆ' ಎಂಬ ಮಾತನ್ನು ಸಿನೊಡ್ ಅಪೊಸ್ತಲ ಪೌಲನಿಂದಲೇ ಎರವಲು ತಂದದ್ದು. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 8ನೇ ಅಧ್ಯಾಯ, ರೋಮಾಪುರದವರಿಗೆ ಬರೆದ ಪತ್ರಿಕೆಯ 14 ಮತ್ತು 15ನೇ ಅಧ್ಯಾಯಗಳು ಸಭೆಯ ಬಲವಂತರು, ಬಲಹೀನರ ಕುರಿತಾಗಿಯೇ ಇವೆ. ಹಾಗಾಗಿ ಅಲ್ಲಿಗೇ ಹೋಗಿ ನೋಡಬೇಕು.

ಕೊರಿಂಥದಲ್ಲಿ ಜಗಳ ವಿಗ್ರಹಗಳಿಗೆ ಅರ್ಪಿಸಿದ ಮಾಂಸದ್ದು. ವಿಗ್ರಹ ಏನೂ ಅಲ್ಲ, ಆದ್ದರಿಂದ ಮಾಂಸ ತಿಂದರೆ ಏನೂ ಆಗುವುದಿಲ್ಲ ಎಂದು ಕೆಲವರು ಹೇಳುತ್ತಿದ್ದರು. ಇನ್ನು ಕೆಲವರು ನಿನ್ನೆ ಮೊನ್ನೆವರೆಗೆ ಆ ವಿಗ್ರಹಗಳಿಗೇ ಕೈಮುಗಿದವರು. ಅವರಿಗೆ ಆ ಮಾಂಸ ಬರೀ ಮಾಂಸವಾಗಿ ಕಾಣುತ್ತಿರಲಿಲ್ಲ. ಬೇರೆಯವರನ್ನು ನೋಡಿ ತಿಂದು ಆಮೇಲೆ ಮನಸ್ಸಾಕ್ಷಿ ಚುಚ್ಚಿ ಬಿದ್ದುಹೋಗುತ್ತಿದ್ದರು. ಪೌಲ ಬಲಹೀನ ಎಂದು ಕರೆಯುವುದು ಇವರನ್ನು. ಅವನ ತೀರ್ಮಾನ 13ನೇ ವಾಕ್ಯದಲ್ಲಿದೆ. ನಾನು ತಿನ್ನುವುದರಿಂದ ನನ್ನ ಸಹೋದರ ಎಡವಿದರೆ ನಾನು ಎಂದಿಗೂ ಮಾಂಸ ತಿನ್ನುವುದಿಲ್ಲ ಎನ್ನುತ್ತಾನೆ.

ಇಲ್ಲಿ ಕಳೆದುಕೊಳ್ಳುವವನು ಯಾರು? ಮಾತಾಡುತ್ತಿರುವವನೇ. ಹಕ್ಕು ಇರುವವನು ತನ್ನ ಹಕ್ಕು ಬಿಡುತ್ತಾನೆ. ಬಲಹೀನನ ಹೆಸರಿನಲ್ಲಿ ಮೂರನೆಯವನೊಬ್ಬನನ್ನು ಹೊರಗೆ ಕಳಿಸುವ ಮಾತೇ ಅಲ್ಲಿ ಇಲ್ಲ.

ರೋಮಾಪುರದ ಪತ್ರಿಕೆಯಲ್ಲೂ ಹಾಗೇ. ಒಬ್ಬ ಎಲ್ಲ ತಿನ್ನುತ್ತಾನೆ, ಇನ್ನೊಬ್ಬ ಕಾಯಿಪಲ್ಯ ಮಾತ್ರ. ಒಬ್ಬನಿಗೆ ಒಂದು ದಿನ ವಿಶೇಷ, ಇನ್ನೊಬ್ಬನಿಗೆ ಎಲ್ಲ ದಿನವೂ ಒಂದೇ. ಪೌಲ ಇಬ್ಬರಿಗೂ ಬುದ್ಧಿ ಹೇಳುತ್ತಾನೆ, ಬಲವಂತರ ಮೇಲೆ ಜಾಸ್ತಿ ಹೊರೆ ಹಾಕುತ್ತಾನೆ. ಇಡೀ ವಾದ 15ನೇ ಅಧ್ಯಾಯದ 7ನೇ ವಾಕ್ಯಕ್ಕೆ ಬಂದು ನಿಲ್ಲುತ್ತದೆ: ಕ್ರಿಸ್ತನು ನಿಮ್ಮನ್ನು ಸೇರಿಸಿಕೊಂಡ ಹಾಗೆ ನೀವೂ ಒಬ್ಬರನ್ನೊಬ್ಬರು ಸೇರಿಸಿಕೊಳ್ಳಿರಿ. ಬೇರೆ ಬೇರೆ ಊಟದ ಪದ್ಧತಿ ಇರುವವರು ಒಂದೇ ಮೇಜಿನಲ್ಲಿ ಉಳಿಯುವುದು ಹೇಗೆ ಎಂದು ಹೇಳುವ ಭಾಗ ಅದು. ಅದರ ಮಾತನ್ನೇ ಬಳಸಿ ಮೇಜನ್ನು ಎರಡು ಮಾಡಿದರು.

ಕೇಪ್‌ನಲ್ಲಿ ಜಮೀನು ಯಾರದ್ದು? ಸಭೆಯ ಹಿರಿಯರ ಸ್ಥಾನ ಯಾರ ಕೈಯಲ್ಲಿತ್ತು? ಸಿನೊಡ್‌ನಲ್ಲಿ ಮತ ಹಾಕಿದವರು ಯಾರು? ಈ ಮೂರಕ್ಕೂ ಒಂದೇ ಉತ್ತರ, ಬಿಳಿಯರು. ಅಂಥವರನ್ನೇ ಬಲಹೀನರು ಎಂದು ಕರೆದು, ಆ ಬಲಹೀನತೆಯನ್ನು ಸಹಿಸಿಕೊಳ್ಳುವ ಹೊಣೆಯನ್ನು ನಿನ್ನೆಯವರೆಗೆ ಗುಲಾಮರಾಗಿದ್ದವರ ಮೇಲೆ ಹೊರಿಸಿದರು. ಪೌಲನ ಲೆಕ್ಕದಲ್ಲಿ ಬಲವಂತ ಬಿಟ್ಟುಕೊಡಬೇಕು. ಸಿನೊಡ್‌ನ ಲೆಕ್ಕದಲ್ಲಿ ಬಲವಂತನಿಗೆ ಇರಿಸುಮುರಿಸಾದರೆ ಉಳಿದವರು ಎದ್ದು ಹೋಗಬೇಕು.

ಗೊತ್ತುವಳಿಯಲ್ಲಿರುವ ಇನ್ನೊಂದು ಮಾತನ್ನೂ ನೋಡಿ. ದೀಕ್ಷಾಸ್ನಾನ ಆಗಿ, ಸದಸ್ಯತ್ವ ಸಿಕ್ಕಿದ ಮೇಲೂ ಅವರು 'ಅನ್ಯಜನರಿಂದ ಬಂದವರು'. ಬಿಳಿಯರ ಪೂರ್ವಜರೂ ಒಂದು ಕಾಲಕ್ಕೆ ಅನ್ಯಜನರೇ ಆಗಿದ್ದರು ಅಲ್ವಾ? ಎಫೆಸದವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯ ಓದುವಾಗ ಅದು ಅವರಿಗೆ ನೆನಪಾಗಲಿಲ್ಲವೋ ಏನೋ.

ನಿಜವಾಗಿ ಈ ಪ್ರಕರಣಕ್ಕೆ ಎಲ್ಲಕ್ಕಿಂತ ಹತ್ತಿರವಾದ ಸತ್ಯವೇದದ ಭಾಗ ಬೇರೆಯೇ ಇತ್ತು. ಗಲಾತ್ಯದವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯ, 11ರಿಂದ 14ನೇ ವಾಕ್ಯಗಳು. ಅಂತಿಯೋಕ್ಯದಲ್ಲಿ ಪೇತ್ರ ಅನ್ಯಜನರಿಂದ ಬಂದ ವಿಶ್ವಾಸಿಗಳ ಜೊತೆ ಊಟ ಮಾಡುತ್ತಿದ್ದ. ಯೆರೂಸಲೇಮ್ ಸಭೆಯ ನಾಯಕ ಯಾಕೋಬನ ಕಡೆಯಿಂದ, ಅನ್ಯಜನರ ಜೊತೆ ಊಟ ಒಪ್ಪದ ಕೆಲವರು ಬಂದರು. ಅವರಿಗೆ ಹೆದರಿ ಪೇತ್ರ ಮೆಲ್ಲಗೆ ಹಿಂದೆ ಸರಿದು ಬೇರೆ ಕೂತ. ಉಳಿದ ಯೆಹೂದ್ಯರೂ ಹಾಗೇ ಮಾಡಿದರು. ಬಾರ್ನಬನಂಥವನೂ ಅವರ ಜೊತೆ ಸೇರಿಕೊಂಡ.

ಪೇತ್ರ ಯಾವ ತಪ್ಪು ಬೋಧನೆಯನ್ನೂ ಮಾಡಲಿಲ್ಲ. ಅನ್ಯಜನರು ವಿಶ್ವಾಸಿಗಳೇ ಅಲ್ಲ ಎಂದು ಹೇಳಲಿಲ್ಲ. ಬಂದವರ ಮನಸ್ಸು ನೋಯಬಾರದು ಅಂದುಕೊಂಡನೋ, ಯೆರೂಸಲೇಮಿನ ಸಭೆಯ ಜೊತೆ ಜಗಳ ಬೇಡ ಅಂದುಕೊಂಡನೋ, ಅಂತೂ ಸುಮ್ನೆ ಜಾಗ ಬದಲಿಸಿದ. ಪೌಲ ಅದನ್ನು ಬಲಹೀನತೆ ಎಂದು ತಟ್ಟಿ ಸಮಾಧಾನ ಮಾಡಲಿಲ್ಲ. ಎಲ್ಲರ ಮುಂದೆ, ಮುಖಾಮುಖಿ ನಿಂತು, ಇದು ಸುವಾರ್ತೆಯ ಸತ್ಯಕ್ಕೆ ಸರಿಯಾದ ನಡತೆ ಅಲ್ಲ ಎಂದ.

ಇದೇ ಪೌಲ ಮಾಂಸದ ವಿಷಯದಲ್ಲಿ ಅಷ್ಟು ಮೃದು, ಕೂರುವ ವಿಷಯದಲ್ಲಿ ಇಷ್ಟು ಕಠಿಣ. ಯಾಕೆ? ಮಾಂಸ ಬಿಟ್ಟರೆ ತಿನ್ನುವವನಿಗೆ ಒಂದು ತುತ್ತು ಕಮ್ಮಿಯಾಗುತ್ತದೆ, ಅಷ್ಟೆ. ಮೇಜು ಬೇರೆ ಮಾಡಿದರೆ ಇನ್ನೊಬ್ಬ ವಿಶ್ವಾಸಿಗೆ ಕ್ರಿಸ್ತ ನಿನ್ನನ್ನು ಪೂರ್ತಿ ಸ್ವೀಕರಿಸಿಲ್ಲ, ನೀನು ಇನ್ನೂ ಏನೋ ಆಗಬೇಕು ಎಂದು ಹೇಳಿದ ಹಾಗೆ. ಅಂತಿಯೋಕ್ಯದ ಅನ್ಯಜನರು ಸುನ್ನತಿ ಮಾಡಿಸಿಕೊಂಡು ಆ ಅಂತರ ದಾಟಬಹುದಿತ್ತೇನೋ. ಕೇಪ್‌ನ ಕಲರ್ಡ್ ವಿಶ್ವಾಸಿಗಳು ಏನು ಮಾಡಬೇಕಿತ್ತು, ಚರ್ಮ ಬದಲಿಸಬೇಕಿತ್ತಾ?

ಆದರೂ ಸಿನೊಡ್ ಕೈಗೆತ್ತಿಕೊಂಡದ್ದು ಬಲಹೀನರ ಮಾತನ್ನು, ಅಂತಿಯೋಕ್ಯದ ಮಾತನ್ನಲ್ಲ. ಯಾವ ವಾಕ್ಯವನ್ನು ಯಾವ ಸಂದರ್ಭಕ್ಕೆ ತರುತ್ತೇವೆ ಎನ್ನುವುದರಲ್ಲೇ ಅರ್ಧ ತೀರ್ಪು ಮುಗಿದಿರುತ್ತದೆ.

ವಿನಾಯಿತಿ ಸಿದ್ಧಾಂತವಾದದ್ದು

ಮುಂದಿನದನ್ನು ಬೇಗ ಹೇಳಬಹುದು. 1881ರಲ್ಲಿ ಕಲರ್ಡ್ ಸದಸ್ಯರಿಗಾಗಿ ಡಚ್ ರಿಫಾರ್ಮ್ಡ್ ಮಿಷನ್ ಚರ್ಚ್ ಎಂಬ ಬೇರೆ ಸಂಸ್ಥೆಯೇ ಹುಟ್ಟಿತು. ಬೇರೆ ಪಂಕ್ತಿಯಿಂದ ಬೇರೆ ಕಟ್ಟಡ, ಬೇರೆ ಕಟ್ಟಡದಿಂದ ಬೇರೆ ಚರ್ಚು. ಆಮೇಲೆ ಕಪ್ಪು ಆಫ್ರಿಕನ್ನರಿಗೆ ಒಂದು, ಕೊನೆಗೆ ಭಾರತೀಯ ಮೂಲದವರಿಗೆ ಒಂದು. 1948ರಲ್ಲಿ ನ್ಯಾಷನಲ್ ಪಾರ್ಟಿ ಗೆದ್ದು ವರ್ಣಭೇದವನ್ನು ಸರ್ಕಾರದ ನೀತಿಯಾಗಿ ಮಾಡಿತು. ಪ್ರಧಾನಿಯಾದ ಡಿ.ಎಫ್. ಮಲಾನ್ ಮೊದಲು ಇದೇ ಚರ್ಚಿನ ಸಭಾಪಾಲಕರಾಗಿದ್ದವರು.

1957ರಲ್ಲಿ, ಅಂದರೆ ಗೊತ್ತುವಳಿಗೆ ಸರಿಯಾಗಿ ನೂರು ವರ್ಷವಾದಾಗ, ಬಿಳಿಯರ ಪ್ರದೇಶದ ಚರ್ಚುಗಳಿಗೆ ಕಪ್ಪು ಜನ ಬರುವುದನ್ನು ತಡೆಯುವ ಅಧಿಕಾರವನ್ನು ಮಂತ್ರಿಗೆ ಕೊಡುವ ಮಸೂದೆ ಬಂತು. ಆಂಗ್ಲಿಕನ್ ಆರ್ಚ್‌ಬಿಷಪ್ ಜೆಫ್ರಿ ಕ್ಲೇಟನ್ ಇದಕ್ಕೆ ನಾವು ವಿಧೇಯರಾಗಲಾರೆವು, ನಮ್ಮ ಜನರಿಗೂ ವಿಧೇಯರಾಗಿ ಎಂದು ಹೇಳಲಾರೆವು ಎಂಬ ಪತ್ರಕ್ಕೆ ಸಹಿ ಹಾಕಿದರು. ಮರುದಿನವೇ ತೀರಿಕೊಂಡರು. ಒಂದು ಶತಮಾನದ ಹಿಂದೆ ಚರ್ಚು ತನ್ನೊಳಗೆ ವಿನಾಯಿತಿಯಾಗಿ ಕೊಟ್ಟದ್ದನ್ನು ಈಗ ಸರ್ಕಾರ ಎಲ್ಲ ಚರ್ಚುಗಳ ಮೇಲೂ ಹೇರಲು ಹೊರಟಿತ್ತು.

ಈ ನೂರು ವರ್ಷಗಳಲ್ಲಿ ಆದ ದೊಡ್ಡ ಬದಲಾವಣೆ ದೇವತಾಶಾಸ್ತ್ರದಲ್ಲಿ. 1857ರವರಿಗೆ ಒಂದೇ ಮೇಜು ಸತ್ಯವೇದಕ್ಕೆ ತಕ್ಕದ್ದು ಎಂದು ಗೊತ್ತಿತ್ತು. ಅವರ ಮೊಮ್ಮಕ್ಕಳಿಗೆ ಬೇರೆ ಮೇಜೇ ಸತ್ಯವೇದಕ್ಕೆ ತಕ್ಕದ್ದಾಗಿ ಕಂಡಿತು. 1974ರಲ್ಲಿ ಚರ್ಚು ಜನಾಂಗ ಸಂಬಂಧಗಳ ಕುರಿತು ಒಂದು ದೊಡ್ಡ ವರದಿ ಹೊರತಂದಿತು. ಆದಿಕಾಂಡ 11ರ ಬಾಬೆಲ್ ಗೋಪುರ, ಧರ್ಮೋಪದೇಶಕಾಂಡ 32:8, ಅಪೊಸ್ತಲರ ಕೃತ್ಯಗಳು 2 ಮತ್ತು 17:26 ಇವು ಈ ವಾದಗಳಿಗೆ ಮತ್ತೆ ಮತ್ತೆ ಬಳಕೆಯಾದ ಭಾಗಗಳು. ದೇವರು ಜನಾಂಗಗಳನ್ನು ಬೇರೆ ಬೇರೆ ಮಾಡಿದ್ದಾನೆ, ಅವುಗಳಿಗೆ ಮೇರೆ ಹಾಕಿದ್ದಾನೆ, ಪವಿತ್ರಾತ್ಮ ಇಳಿದುಬಂದ ಪಂಚಾಶತ್ತಮ ದಿನದಲ್ಲೂ ಪ್ರತಿಯೊಬ್ಬ ತನ್ನ ತನ್ನ ಭಾಷೆಯಲ್ಲೇ ಕೇಳಿದ ಎಂಬ ವಾದ.

ಅಪೊಸ್ತಲರ ಕೃತ್ಯಗಳು 17:26ನ್ನೇ ತೆಗೆದುಕೊಳ್ಳಿ. ಅಥೇನೆಯಲ್ಲಿ ಪೌಲ ಹೇಳುವುದು, ದೇವರು ಒಬ್ಬನಿಂದಲೇ ಎಲ್ಲ ಜನಾಂಗಗಳನ್ನು ಉಂಟುಮಾಡಿ ಅವರ ಕಾಲಗಳನ್ನೂ ಮೇರೆಗಳನ್ನೂ ನಿಶ್ಚಯಿಸಿದನು ಎಂದು. ವಾಕ್ಯದ ಮೊದಲ ಅರ್ಧ ಎಲ್ಲರೂ ಒಂದೇ ಮೂಲದವರು ಎನ್ನುತ್ತದೆ. ಮುಂದಿನ 27ನೇ ವಾಕ್ಯ, ಇದೆಲ್ಲ ಅವರು ದೇವರನ್ನು ಹುಡುಕಲಿ ಎಂದು ಎನ್ನುತ್ತದೆ. ವರ್ಣಭೇದದ ಬೋಧನೆ ಎರಡನ್ನೂ ದಾಟಿಕೊಂಡು ನಡುವಿನ ಮೇರೆಗಳ ಮೇಲೆ ಹೋಗಿ ಕೂತಿತು. ಪೇಟೆಯ ಚೌಕದಲ್ಲಿ ಸಿಕ್ಕ ಸಿಕ್ಕವರ ಜೊತೆ ವಾದಿಸುತ್ತಿದ್ದ ಪೌಲನ ಬಾಯಿಂದ ಬೇಲಿ ಹಾಕುವ ನಿಯಮ ಹೊರಡಿಸುವುದು ಸಣ್ಣ ಸಾಹಸವಲ್ಲ.

ನಡುವೆ ಎಚ್ಚೆತ್ತುಕೊಳ್ಳುವ ಅವಕಾಶಗಳು ಬಂದಿದ್ದವು. 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಪೊಲೀಸರ ಗುಂಡಿಗೆ 69 ಜನ ಸತ್ತರು. ಆ ಡಿಸೆಂಬರ್‌ನಲ್ಲಿ ಜೋಹಾನ್ಸ್‌ಬರ್ಗ್‌ನ ಕಾಟ್ಸ್‌ಲೋದಲ್ಲಿ ಚರ್ಚುಗಳ ಸಮಾಲೋಚನೆ ನಡೆದು, ಕ್ರಿಸ್ತನನ್ನು ನಂಬುವ ಯಾರನ್ನೂ ಬಣ್ಣ, ಜನಾಂಗದ ಕಾರಣಕ್ಕೆ ಯಾವ ಚರ್ಚಿನಿಂದಲೂ ಹೊರಗಿಡಬಾರದು ಎಂದು ತೀರ್ಮಾನವಾಯಿತು. ಡಚ್ ರಿಫಾರ್ಮ್ಡ್ ಪ್ರತಿನಿಧಿಗಳೂ ಒಪ್ಪಿದ್ದರು. ಪ್ರಧಾನಿ ಫರ್ವೂರ್ಟ್ ಸಿಟ್ಟಾದರು. ಸಿನೊಡ್‌ಗಳು ತಮ್ಮ ಪ್ರತಿನಿಧಿಗಳ ಮಾತನ್ನೇ ತಳ್ಳಿಹಾಕಿ, ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್‌ನಿಂದಲೂ ಹೊರಬಂದವು. ಬೇಯರ್ಸ್ ನಾಡೆ ಎಂಬ ಸಭಾಪಾಲಕರು ಮಾತ್ರ ಹಿಂದೆ ಸರಿಯಲಿಲ್ಲ. 1963ರಲ್ಲಿ ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು ಎಂಬ ವಾಕ್ಯದ ಮೇಲೆ ತಮ್ಮ ಸಭೆಗೆ ಕೊನೆಯ ಪ್ರಸಂಗ ಮಾಡಿ ಹೊರಗೆ ಬಂದರು. ಸರ್ಕಾರ 1977ರಿಂದ 1984ರವರೆಗೆ ಅವರ ಮೇಲೆ ನಿರ್ಬಂಧ ಹಾಕಿತ್ತು.

ಎದ್ದು ಹೋದವರು ಊಟ ನಿಲ್ಲಿಸಿದಾಗ

1982ರ ಆಗಸ್ಟ್‌ನಲ್ಲಿ ಕೆನಡಾದ ಒಟ್ಟಾವಾದಲ್ಲಿ ರಿಫಾರ್ಮ್ಡ್ ಚರ್ಚುಗಳ ವಿಶ್ವ ಒಕ್ಕೂಟದ ಮಹಾಸಭೆ ಸೇರಿತು. ಆರಂಭದ ಆರಾಧನೆಯಲ್ಲಿ ಕರ್ತನ ಭೋಜನ ಇತ್ತು. ದಕ್ಷಿಣ ಆಫ್ರಿಕಾದ ಕಪ್ಪು ಮತ್ತು ಕಲರ್ಡ್ ಚರ್ಚುಗಳ ಕೆಲವು ಪ್ರತಿನಿಧಿಗಳು ನಾವು ತೆಗೆದುಕೊಳ್ಳುವುದಿಲ್ಲ ಎಂದರು. ನಮ್ಮ ದೇಶದಲ್ಲಿ ನಮ್ಮನ್ನು ಮೇಜಿಗೆ ಸೇರಿಸದವರ ಜೊತೆ ಇಲ್ಲಿ, ಎಲ್ಲರೂ ನೋಡುವ ಕಡೆ ಮಾತ್ರ, ಒಂದೇ ರೊಟ್ಟಿಯಲ್ಲಿ ಪಾಲು ತೆಗೆದುಕೊಂಡರೆ ಅದು ಸುಳ್ಳಾಗುತ್ತದೆ ಎಂಬುದು ಅವರ ನಿಲುವು.

ಅದು ಕೆಲವರಿಗೆ ಒರಟಾಗಿ ಕಂಡಿತು. ಭೋಜನವನ್ನು ರಾಜಕೀಯಕ್ಕೆ ಬಳಸಬಹುದೇ ಎಂಬ ಪ್ರಶ್ನೆ ಸಹಜ. ನನ್ನ ಮಟ್ಟಿಗೆ ಉತ್ತರ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 11ನೇ ಅಧ್ಯಾಯದಲ್ಲೇ ಇದೆ. ಅಲ್ಲಿ ಉಳ್ಳವರು ಮೊದಲೇ ತಿಂದು ಕುಡಿದು ಮತ್ತರಾಗಿರುತ್ತಾರೆ, ಇಲ್ಲದವರು ಹಸಿದಿರುತ್ತಾರೆ. ನೀವು ತಿನ್ನುತ್ತಿರುವುದು ಕರ್ತನ ಭೋಜನವೇ ಅಲ್ಲ ಎನ್ನುತ್ತಾನೆ ಪೌಲ. ಅಯೋಗ್ಯವಾಗಿ ತಿನ್ನುವುದರ ಕುರಿತ ಎಚ್ಚರಿಕೆ ಬರುವುದು ಈ ಜಗಳದ ನಡುವೆಯೇ. ನಾವು ಅದನ್ನು ಪ್ರತಿಯೊಬ್ಬರ ಗುಟ್ಟಿನ ಪಾಪಗಳಿಗೆ ಮಾತ್ರ ಹಚ್ಚಿ, ಹೆದರಿ ಕೂತಿದ್ದೇವೆ. ಪೌಲ ಮೊದಲು ಕೇಳುವುದು, ನಿನ್ನ ಪಕ್ಕದವನಿಗೆ ಸಿಕ್ಕಿತಾ ಎಂದು. ಒಟ್ಟಾವಾದಲ್ಲಿ ಊಟ ಬಿಟ್ಟವರು ಹೊಸದೇನನ್ನೂ ಹೇಳಲಿಲ್ಲ.

ಆ ಮಹಾಸಭೆ ವರ್ಣಭೇದವನ್ನು ಪಾಪ ಎಂದೂ, ಅದಕ್ಕೆ ದೇವತಾಶಾಸ್ತ್ರದ ಸಮರ್ಥನೆ ಕೊಡುವುದನ್ನು ದುರ್ಬೋಧನೆ ಎಂದೂ ಸಾರಿ, ಎರಡು ಬಿಳಿಯ ಚರ್ಚುಗಳ ಸದಸ್ಯತ್ವವನ್ನು ಅಮಾನತು ಮಾಡಿತು. ಮಿಷನ್ ಚರ್ಚಿನ ಅಲನ್ ಬೂಸಾಕ್ ಒಕ್ಕೂಟದ ಅಧ್ಯಕ್ಷರಾದರು.

ಕೆಲವೇ ವಾರಗಳಲ್ಲಿ ಮಿಷನ್ ಚರ್ಚಿನ ಸಿನೊಡ್ ಬೆಲ್ಹಾರ್‌ನಲ್ಲಿ ಸೇರಿ, ನಂಬಿಕೆಯ ಒಂದು ಅರಿಕೆಯ ಕರಡು ತಯಾರಿಸಿತು. ಬೆಲ್ಹಾರ್ ಅಂದರೆ ಕೇಪ್‌ಟೌನ್‌ನ ಹೊರವಲಯದಲ್ಲಿ ವರ್ಣಭೇದದ ಕಾನೂನಿನಡಿ ಕಲರ್ಡ್ ಜನರಿಗೆಂದು ಕಟ್ಟಿದ ಬಡಾವಣೆ. ನಾಲ್ಕು ವರ್ಷ ಸಭೆಗಳಲ್ಲಿ ಚರ್ಚೆಯಾಗಿ 1986ರಲ್ಲಿ ಅದು ಅಂಗೀಕಾರವಾಯಿತು. ಐಕ್ಯ, ಸಮಾಧಾನ, ನ್ಯಾಯ ಅದರ ಮೂರು ಮುಖ್ಯ ವಿಷಯಗಳು. ಚರ್ಚಿನ ಸದಸ್ಯತ್ವಕ್ಕೆ ಬೇಕಾದದ್ದು ಯೇಸು ಕ್ರಿಸ್ತನಲ್ಲಿ ನಿಜವಾದ ನಂಬಿಕೆ ಒಂದೇ ಎಂದು ಅದು ಹೇಳುತ್ತದೆ. ಹುಟ್ಟು ಅಥವಾ ಇನ್ಯಾವುದೇ ಸಾಮಾಜಿಕ ಅಂಶವನ್ನು ಲೆಕ್ಕಕ್ಕೆ ತರುವ ಬೋಧನೆಯನ್ನು ತಿರಸ್ಕರಿಸುತ್ತದೆ. ಗತಿಯಿಲ್ಲದವರ, ಬಡವರ, ಅನ್ಯಾಯಕ್ಕೆ ಒಳಗಾದವರ ದೇವರು ಎಂದು ದೇವರನ್ನು ವಿಶೇಷವಾಗಿ ಕರೆಯುತ್ತದೆ.

ಜೊತೆಗೊಂದು ಪತ್ರವನ್ನೂ ಇಟ್ಟರು. ಅರಿಕೆಗಿಂತ ನನಗೆ ಆ ಪತ್ರವೇ ಹೆಚ್ಚು ಹಿಡಿಸಿದ್ದು. ನಾವು ಮಾತಾಡುತ್ತಿರುವುದು ಒಂದು ಸುಳ್ಳು ಬೋಧನೆಯ ವಿರುದ್ಧ, ಯಾವ ಜನರ ವಿರುದ್ಧವೂ ಅಲ್ಲ, ಈ ಮಾತಿನಿಂದ ನಮ್ಮನ್ನೂ ಪರೀಕ್ಷಿಸಿಕೊಳ್ಳಬೇಕು ಎಂದು ಅದರಲ್ಲಿದೆ. 125 ವರ್ಷ ಹೊರಗೆ ಕೂತವರು ಹೀಗೆ ಬರೆದರು. ಬಲಹೀನರನ್ನು ಸಹಿಸಿಕೊಳ್ಳುವುದು ಅಂದರೆ ಏನೆಂದು ಪೌಲನಿಂದ ಕಲಿತವರು ಇವರೇ ಅನ್ನಿಸುತ್ತದೆ.

ಹಾಗಾದರೆ ಬೇರೆ ಚರ್ಚು ಆದದ್ದರಿಂದಲೇ ಬೆಲ್ಹಾರ್ ಹುಟ್ಟಿತು, ಒಳ್ಳೆಯದೇ ಆಯಿತಲ್ಲ ಎನ್ನುವವರಿದ್ದಾರೆ. ಒಪ್ಪುವುದು ಕಷ್ಟ. ಯೋಸೇಫ ತನ್ನ ಅಣ್ಣಂದಿರಿಗೆ ನೀವು ಕೇಡು ಎಣಿಸಿದಿರಿ, ದೇವರು ಅದನ್ನು ಒಳ್ಳೆಯದಕ್ಕೆ ತಿರುಗಿಸಿದ ಎಂದ. ಅದನ್ನು ಹೇಳಿದ್ದು ಯೋಸೇಫ. ಮಾರಿದ ಅಣ್ಣಂದಿರೇ ಆ ಮಾತು ಆಡಿದ್ದರೆ ಹೇಗಿರುತ್ತಿತ್ತು?

ಇದೇ ವಾದ, ಬೇರೆ ಬಟ್ಟೆಯಲ್ಲಿ

ಸುವಾರ್ತೆಗೆ ಅಡ್ಡಿಯಾಗಬಾರದು ಎಂಬ 1857ರ ವಾದ ಸತ್ತಿಲ್ಲ. ಮಧ್ಯಪ್ರದೇಶದ ದಮೋಹ್‌ನಲ್ಲಿ 1897ರಲ್ಲಿ ಹುಟ್ಟಿದ ಡೊನಾಲ್ಡ್ ಮೆಕ್‌ಗೆವ್ರನ್, ಜನ ತಮ್ಮ ಜನಾಂಗ, ಭಾಷೆ, ವರ್ಗದ ಗಡಿ ದಾಟದೆ ಕ್ರೈಸ್ತರಾಗಲು ಇಷ್ಟಪಡುತ್ತಾರೆ ಎಂದು ಹೇಳಿ, ಅದರ ಮೇಲೆ ಸಭೆಯ ಬೆಳವಣಿಗೆಯ ಒಂದು ಪೂರ್ತಿ ವಿಧಾನವನ್ನೇ ಕಟ್ಟಿದರು. ಅವರು ಕಂಡದ್ದು ಸುಳ್ಳಲ್ಲ. ಜನ ಹಾಗೇ ಇರುತ್ತಾರೆ. ಡೇವಿಡ್ ಬಾಷ್ ಎಂಬ ದಕ್ಷಿಣ ಆಫ್ರಿಕಾದ ಡಚ್ ರಿಫಾರ್ಮ್ಡ್ ವಿದ್ವಾಂಸರು ಈ ವಿಧಾನವನ್ನು ಬಲವಾಗಿ ಪ್ರಶ್ನಿಸಿದರು. ಅದರ ಕೊನೆ ಎಲ್ಲಿಗೆ ಹೋಗುತ್ತದೆ ಎಂದು ಅವರು ತಮ್ಮ ಮನೆಯಲ್ಲೇ ನೋಡಿದ್ದರು.

ಇವತ್ತಿನ ಸಭೆಗಳಲ್ಲಿ ಬೇರೆ ಬೇರೆ ಆರಾಧನೆಗಳು ಇರುವುದೆಲ್ಲ ತಪ್ಪು ಎಂದು ನಾನು ಹೇಳುತ್ತಿಲ್ಲ. ಭಾಷೆ ಅರ್ಥವಾಗದವರಿಗೆ ಅವರ ಭಾಷೆಯಲ್ಲಿ ಆರಾಧನೆ ಬೇಕು. ಅದು ಅವರು ಕೇಳಿ ಪಡೆಯುವುದು. ಬೇರೆಯವರು ಅವರಿಗೆ ನಿಮಗೆ ಅಲ್ಲಿಯೇ ಚೆನ್ನಾಗಿರುತ್ತದೆ ಎಂದು ತೋರಿಸುವುದು ಇನ್ನೊಂದು. ಹಿರಿಯರ ಸಭೆಯಲ್ಲಿ ಜನ ಬಿಟ್ಟು ಹೋಗ್ತಾರೆ ಎಂಬ ಮಾತು ಬಂದಾಗ, ಯಾವ ಜನ ಎಂದು ಕೇಳಬೇಕು. ಅಲ್ಲಿ ಲೆಕ್ಕಕ್ಕೆ ಬರುವುದು ಹೆಚ್ಚಾಗಿ ಕಾಣಿಕೆ ಜಾಸ್ತಿ ಕೊಡುವವರು, ಮಾತು ನಡೆಯುವವರು. ಸದ್ದಿಲ್ಲದೆ ಈಗಾಗಲೇ ಬಿಟ್ಟು ಹೋದವರ ಹೆಸರು ಆ ಚರ್ಚೆಯಲ್ಲಿ ಬರುವುದೇ ಇಲ್ಲ. ಶಾಂತಿಗಾಗಿ ಎಂದು ಮಾಡಿದ ಏರ್ಪಾಡಿನ ಬೆಲೆಯನ್ನು ಕೇಳಿಕೊಂಡವರೇ ಕೊಡುತ್ತಿದ್ದಾರಾ, ಇಲ್ಲ ಆ ಕೋಣೆಯಲ್ಲಿ ಕುರ್ಚಿಯೇ ಇಲ್ಲದವರು ಕೊಡುತ್ತಿದ್ದಾರಾ ಎಂದು ನೋಡಿದರೆ ಅರ್ಧ ಗೊಂದಲ ಕಮ್ಮಿಯಾಗುತ್ತದೆ. ಸದ್ಯಕ್ಕೆ ಎಂದು ಬರೆದ ನಿರ್ಣಯಕ್ಕೆ ಯಾವಾಗಿನವರೆಗೆ ಎಂದೂ ಬರೆಯಬೇಕು. 1857ರವರು ಅದನ್ನು ಬರೆಯಲಿಲ್ಲ.

1990ರ ನವೆಂಬರ್‌ನಲ್ಲಿ ರಸ್ಟನ್‌ಬರ್ಗ್‌ನಲ್ಲಿ ಚರ್ಚುಗಳ ದೊಡ್ಡ ಸಮ್ಮೇಳನ ನಡೆಯಿತು. ಡಚ್ ರಿಫಾರ್ಮ್ಡ್ ಚರ್ಚಿನ ದೇವತಾಶಾಸ್ತ್ರಜ್ಞ ವಿಲ್ಲಿ ಯೋಂಕರ್ ಎದ್ದು ನಿಂತು, ತಮ್ಮ ಪಾಲಿನ ಪಾಪವನ್ನಷ್ಟೇ ಅಲ್ಲ, ತಮ್ಮ ಚರ್ಚಿನ ಪರವಾಗಿಯೂ ಪಾಪವನ್ನು ಅರಿಕೆ ಮಾಡಿದರು. ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಆ ಅರಿಕೆಯನ್ನು ಸ್ವೀಕರಿಸಿದರು. ನೀವು ಯಾರ ಪರವಾಗಿ ಸ್ವೀಕರಿಸಿದಿರಿ ಎಂದು ಕೆಲವರು ಟುಟು ಅವರನ್ನು ಕೇಳಿದ್ದೂ ಉಂಟು. ಕೇಳಬೇಕಾದ ಪ್ರಶ್ನೆಯೇ. ಬೆಲೆ ಕೊಟ್ಟವರು ಇನ್ನೂ ಬದುಕಿದ್ದರಲ್ಲ.

1994ರ ಏಪ್ರಿಲ್‌ನಲ್ಲಿ, ದೇಶದ ಮೊದಲ ಸರ್ವಜನ ಚುನಾವಣೆಗೆ ಸ್ವಲ್ಪ ಮೊದಲು, ಮಿಷನ್ ಚರ್ಚು ಮತ್ತು ಕಪ್ಪು ಆಫ್ರಿಕನ್ನರ ಚರ್ಚು ಸೇರಿ ಯುನೈಟಿಂಗ್ ರಿಫಾರ್ಮ್ಡ್ ಚರ್ಚ್ ಆದವು. ಬೆಲ್ಹಾರ್ ಅರಿಕೆ ಅದರ ನಂಬಿಕೆಯ ಆಧಾರಗಳಲ್ಲಿ ಒಂದು. ಅಮೆರಿಕದ ಪ್ರೆಸ್ಬಿಟೇರಿಯನ್ ಚರ್ಚು 2016ರಲ್ಲಿ ಅದನ್ನು ತನ್ನ ಅರಿಕೆಗಳ ಸಾಲಿಗೆ ಸೇರಿಸಿಕೊಂಡಿತು. ಅದು ಹುಟ್ಟಿದ ನಾಡಿನ ಡಚ್ ರಿಫಾರ್ಮ್ಡ್ ಚರ್ಚಿನಲ್ಲಿ ಮಾತ್ರ ವಿಷಯ ಮುಗಿದಿಲ್ಲ. 2011ರಲ್ಲಿ ಅದರ ಮಹಾಸಿನೊಡ್ ಬೆಲ್ಹಾರನ್ನು ಸೇರಿಸಿಕೊಳ್ಳುವ ಪ್ರಕ್ರಿಯೆಗೆ ದೊಡ್ಡ ಬಹುಮತದಿಂದ ಒಪ್ಪಿತು, ಆಮೇಲೆ ಪ್ರಾದೇಶಿಕ ಸಿನೊಡ್‌ಗಳಲ್ಲಿ ಬೇಕಾದಷ್ಟು ಮತ ಬೀಳಲಿಲ್ಲ. ಎರಡೂ ಚರ್ಚುಗಳ ಮಾತುಕತೆ ನಡೆಯುತ್ತಲೇ ಬಂದಿದೆ, ಆದರೆ ಚರ್ಚು ಇನ್ನೂ ಒಂದಾಗಿಲ್ಲ.